ತೆರೆಯ ಮೇಲಣ ವಿದ್ಯಾರ್ಥಿನಿಲಯ

ನಾಟ್ಯಶಾಸ್ತ್ರದಲ್ಲಿ ಭರತನು ಎರಡು ಧರ್ಮಗಳನ್ನು ಹೇಳಿದ್ದಾನೆ. ಲೋಕದಲ್ಲಿ ನಡೆಯುವಂತೆಯೇ ತೋರಿಸುವುದು ಲೋಕಧರ್ಮಿ. ರಂಗದ ಅಗತ್ಯಕ್ಕೆ ತಕ್ಕಂತೆ ಹಿಗ್ಗಿಸಿ, ಕುಗ್ಗಿಸಿ, ಅಲಂಕರಿಸಿ ತೋರಿಸುವುದು ನಾಟ್ಯಧರ್ಮಿ. ಕಾಲೇಜು ಬಾಳಿನ ಕಥೆಗಳನ್ನು ತೆರೆಯ ಮೇಲೆ ನೋಡುವಾಗ ವಾಚಕರು ಈ ಭೇದವನ್ನು ಮನಸ್ಸಿನಲ್ಲಿಡುವುದು ಲೇಸು. ಕಂಪ್ಲಿಯ ಗದ್ದೆ ಬಯಲಿನಿಂದಲೋ ಸಂಡೂರಿನ ಗಣಿ ಸೀಮೆಯಿಂದಲೋ ಹೊಸಪೇಟೆಯ ಕಾಲೇಜಿಗೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಹೊರಡುವ ಮಕ್ಕಳು ವಿದ್ಯಾರ್ಥಿನಿಲಯವನ್ನು ಕಣ್ಣಾರೆ ಕಾಣುವ ಮುನ್ನವೇ ತೆರೆಯ ಮೇಲೆ ಕಂಡಿರುತ್ತಾರೆ.

ಈ ಬಗೆಯ ಕಥೆಗಳು ಅಮೆರಿಕದಲ್ಲಿ ಹೇರಳ. ಅಲ್ಲಿಯ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರು ಹೊತ್ತ ಸಂಘಗಳಿವೆ. ಹುಡುಗರದು ಫ್ರೆಟರ್ನಿಟಿ, ಹುಡುಗಿಯರದು ಸೊರಾರಿಟಿ. ಇಂಥ ಹೆಸರಿನ ಮೊದಲ ಸಂಘ ಫೈ ಬೀಟಾ ಕಪ್ಪಾ 1776ರಲ್ಲಿ ಹುಟ್ಟಿತು. ಹೊಸಬರನ್ನು ಹಳೆಯ ಸದಸ್ಯರೇ ಆರಿಸಿಕೊಳ್ಳುವುದು ಈ ಸಂಘಗಳ ಪದ್ಧತಿ. 2007ರಿಂದ 2011ರವರೆಗೆ ಪ್ರಸಾರವಾದ ‘ಗ್ರೀಕ್’ ಧಾರಾವಾಹಿಗೆ ಇದೇ ವಸ್ತು. ಅದರ ಸೈಪ್ರಸ್-ರೋಡ್ಸ್ ವಿಶ್ವವಿದ್ಯಾಲಯ ಮಾತ್ರ ಬರಿಯ ಕಲ್ಪನೆ. ಕಥೆಗೆ ಸ್ಪರ್ಧೆ ಬೇಕು, ಪ್ರಣಯ ಬೇಕು, ನಗೆ ಬೇಕು. ಆದಕಾರಣ ಕೂಟಗಳೂ ಕುಚೇಷ್ಟೆಗಳೂ ಮುಂದೆ ಬಂದು ಪಾಠ, ಪರೀಕ್ಷೆಗಳು ಹಿಂದೆ ಸರಿಯುತ್ತವೆ.

ನಮ್ಮ ಕಥೆಗಳಲ್ಲಿ ಆ ಸಂಘಗಳ ಸ್ಥಾನವನ್ನು ಹಾಸ್ಟೆಲು ತುಂಬಿದೆ. 2016ರ ‘ಕಿರಿಕ್ ಪಾರ್ಟಿ’ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಗುಂಪೊಂದರ ಕಥೆ. 2023ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ವಾರ್ಡನ್ನನ ಸಾವಿನ ಸುತ್ತ ಒಂದೇ ರಾತ್ರಿಯಲ್ಲಿ ನಡೆಯುವ ಕೋಲಾಹಲ. ಗೆಳೆತನದ ಸಲಿಗೆ, ಆಡುಮಾತಿನ ಸೊಗಸು ಇವುಗಳಲ್ಲಿ ಲೋಕಧರ್ಮಿ; ಗಲಾಟೆಯ ಪ್ರಮಾಣ ನಾಟ್ಯಧರ್ಮಿ. ಊಟದ ಸಾಲು, ಸ್ನಾನದ ಸರದಿ, ತಿಂಗಳ ಖರ್ಚಿನ ಲೆಕ್ಕ, ನಡುರಾತ್ರಿಯ ಓದು, ಇವುಗಳಿಂದ ಕಥೆ ಹೆಚ್ಚು ಹೊತ್ತು ನಡೆಯದು. ಬಾಳು ನಡೆಯುವುದು ಇವುಗಳಿಂದಲೇ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಫ್ರೆಟರ್ನಿಟಿಯ ಹಳಬರಿಗೆ ಹೊಸಬನನ್ನು ಸೇರಿಸುವ, ಬಿಡುವ ಅಧಿಕಾರವುಂಟು. ನಮ್ಮ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ನಿಲಯಗಳಿಗೆ ಮಕ್ಕಳು ಸೇರುವುದು ಅರ್ಜಿ ಹಾಕಿ, ಇಲಾಖೆಯ ನಿಯಮದಂತೆ. ಹಿರಿಯ ವಿದ್ಯಾರ್ಥಿಗೂ ಕಿರಿಯನಿಗೂ ಅಲ್ಲಿ ಒಂದೇ ಹಕ್ಕು. ಆರಿಸುವ ಅಧಿಕಾರವೇ ಇಲ್ಲದವನು ಹೊಸಬನನ್ನು ‘ಪರೀಕ್ಷಿಸಿದರೆ’ ಅದು ಸಂಪ್ರದಾಯವಾಗದು, ಬಲಾತ್ಕಾರವಾದೀತು. ಸಂಘಗಳಿರುವ ಅಮೆರಿಕದಲ್ಲಿಯೂ ಬಹುತೇಕ ರಾಜ್ಯಗಳು ಇಂಥ ಪೀಡನೆಯನ್ನು ಕಾನೂನಿನಿಂದ ನಿಷೇಧಿಸಿವೆ.

ತೆರೆಯ ಮೇಲೆ ನಗೆ ತರಿಸುವ ರ್‍ಯಾಗಿಂಗ್ ನಮ್ಮ ನೆಲದಲ್ಲಿಯೂ ಶಿಕ್ಷಾರ್ಹ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯಂತೆ ವಿದ್ಯಾರ್ಥಿಯೂ ಪೋಷಕರೂ ಈ ಬಗ್ಗೆ ಲಿಖಿತ ಪ್ರಮಾಣಪತ್ರ ಕೊಡಬೇಕು. ಕಾಲೇಜು ಇದಕ್ಕೆಂದು ಸಮಿತಿಯನ್ನು ನೇಮಿಸಬೇಕು. ಹೊಡೆತ ಮಾತ್ರವೇ ಅಪರಾಧವಲ್ಲ. ನಾಚಿಕೆಪಡುವಂತೆ ಕುಣಿಸುವುದು, ಹಣ ಕೀಳುವುದು, ತನ್ನ ಟಿಪ್ಪಣಿಗಳನ್ನು ಕಿರಿಯನಿಂದ ಬರೆಯಿಸಿಕೊಳ್ಳುವುದು ಸಹ ಅದರಲ್ಲಿ ಸೇರಿವೆ. ದೂರು ಹೇಳಲು 1800-180-5522 ಎಂಬ ಉಚಿತ ದೂರವಾಣಿಯೂ ಇದೆ.

ಹಾಗೆಂದು ಈ ಕಥೆಗಳನ್ನು ನೋಡಬಾರದೆಂದಲ್ಲ. ಮಕ್ಕಳ ಜೊತೆಗೆ ಕುಳಿತು ನೋಡಿರಿ, ನಗುವ ಕಡೆ ನಗಿರಿ. ಆದರೆ ತೆರೆಯ ಮೇಲೆ ಅವಮಾನಗೊಂಡ ಹುಡುಗ ಮರುದಿನ ಹೇಗೆ ತರಗತಿಗೆ ಹೋದಾನೆಂದು ಒಮ್ಮೆ ಅವರನ್ನು ಕೇಳಿರಿ. ಕಥೆ ಬಿಟ್ಟುಹೋದ ಭಾಗ ಅದು. ಮನೆಬಿಟ್ಟು ಹೊರಡುವ ಮಗನೋ ಮಗಳೋ ತಿಳಿದಿರಬೇಕಾದ ಭಾಗವೂ ಅದೇ.