ನಗೆಯ ಹಾಡು, ಪಾದರಸದ ಪಾಡು



ನಮ್ಮ ಮಾತುಕತೆ ಕಾರ್ಯಕ್ರಮದ ಮುದ್ರಣ ಮುಗಿದು ಸ್ಟುಡಿಯೋದ ದೀಪಗಳು ಆರುತ್ತಿದ್ದ ಹೊತ್ತು. ಪೀಣ್ಯದ ಕಡೆಯಿಂದ ಬಂದಿದ್ದ ಒಬ್ಬ ಪಿಯುಸಿ ವಿದ್ಯಾರ್ಥಿ ನನ್ನ ಬಳಿ ನಿಂತು ಕೇಳಿದ: “ಸರ್, ಒಂದು ರ‍್ಯಾಪ್ ಹಾಡಿನಿಂದ ಫ್ಯಾಕ್ಟರಿ ಮುಚ್ಚಿಸೋಕಾಗುತ್ತಾ? ಕೊಡೈಕೆನಾಲ್‌ನಲ್ಲಿ ಹಾಗೇ ಆಯಿತಂತಲ್ಲ?”

ಪ್ರಶ್ನೆ ಸಣ್ಣದು. ಆದರೆ ಅದರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ ಮುಚ್ಚಿದ್ದು 2001ರಲ್ಲಿ. ಹಾಡು ಬಂದದ್ದು 2015ರಲ್ಲಿ. ಅಂದರೆ ಬೀಗ ಬಿದ್ದು ಹದಿನಾಲ್ಕು ವರ್ಷಗಳಾದ ಮೇಲೆ! ಹಾಗಾದರೆ ಆ ಹಾಡು ಮಾಡಿದ್ದೇನು? ಮಾಡಲಾಗದೆ ಉಳಿದದ್ದೇನು? ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಂಥ ಪ್ರದೇಶಗಳಲ್ಲಿ ಓದುತ್ತಿರುವ ನೀವು ಇದನ್ನು ತಿಳಿದಿರುವುದು ಒಳ್ಳೆಯದು. ಏಕೆಂದರೆ ನಿಮ್ಮಲ್ಲಿ ಅನೇಕರು ಕಾಲೇಜು ವಾರ್ಷಿಕೋತ್ಸವಗಳಿಗೆ ಇಂಥ ಹಾಡುಗಳನ್ನು ಈಗಾಗಲೇ ಕಟ್ಟುತ್ತಿದ್ದೀರಿ.

ಮೊದಲು ಕಾರ್ಖಾನೆಯ ಕಥೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್ ಎಂಬಲ್ಲಿ ಜ್ವರ ಅಳೆಯುವ ಪಾದರಸದ ಥರ್ಮಾಮೀಟರುಗಳನ್ನು ತಯಾರಿಸುತ್ತಿದ್ದ ಒಂದು ಕಾರ್ಖಾನೆ ಇತ್ತು. 1980ರ ದಶಕದ ಆರಂಭದಲ್ಲಿ ಅದು ತಮಿಳುನಾಡಿನ ಕೊಡೈಕೆನಾಲಿಗೆ ಸ್ಥಳಾಂತರಗೊಂಡಿತು. ಮಾಲೀಕ ಸಂಸ್ಥೆಯನ್ನು ಯೂನಿಲಿವರ್ ಕೊಂಡಾಗ ಈ ಕಾರ್ಖಾನೆಯೂ ಅದರ ಪಾಲಿಗೆ ಬಂತು. ಕಾಲಕ್ರಮದಲ್ಲಿ ಹಿಂದೂಸ್ತಾನ್ ಲಿವರ್, ಅಂದರೆ 2007ರ ನಂತರದ ಹಿಂದೂಸ್ತಾನ್ ಯೂನಿಲಿವರ್, ಅದರ ಹೊಣೆ ಹೊತ್ತಿತು.

2001ರ ಮಾರ್ಚ್‌ನಲ್ಲಿ ಊರಿನ ಒಂದು ಗುಜರಿ ಅಂಗಡಿಯ ಬಳಿ ಪಾದರಸ ಅಂಟಿದ ಒಡೆದ ಗಾಜಿನ ರಾಶಿ ಪತ್ತೆಯಾಯಿತು. ಸ್ಥಳೀಯರು ಮತ್ತು ಪರಿಸರ ಸಂಘಟನೆಗಳು ಪ್ರತಿಭಟನೆಗಿಳಿದವು. ಅದೇ ತಿಂಗಳು ಕಾರ್ಖಾನೆ ಕೆಲಸ ನಿಲ್ಲಿಸಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ವಾಪಸು ಕಳುಹಿಸಲಾಯಿತು. ಶ್ರೀಮಂತ ದೇಶದ ಕಸ ಬಡ ದೇಶಕ್ಕೆ ಬರುವುದನ್ನು ನಾವು ಕೇಳಿದ್ದೇವೆ. ಇಲ್ಲಿ ಹಡಗು ತಿರುಗುಮುಖವಾಗಿ ಹೋಯಿತು ಎಂಬುದನ್ನು ಗಮನಿಸಿ.

ಆದರೆ ಎರಡು ವಿಷಯಗಳು ಹಾಗೇ ಉಳಿದವು: ಮಣ್ಣಿನಲ್ಲಿ ಸೇರಿದ ಪಾದರಸ ಮತ್ತು ಅಲ್ಲಿ ದುಡಿದವರ ಆರೋಗ್ಯ.

ಕಣ್ಣಿಗೆ ಕಾಣದ ಆವಿ

ಪಾದರಸ ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿರುವ ಲೋಹ. ನೀರಿಗಿಂತ 13.6 ಪಟ್ಟು ಭಾರ. ಶಾಲೆಯ ಪ್ರಯೋಗಾಲಯದಲ್ಲಿ ಅದರ ಗುಂಡುಗಳು ಮೇಜಿನ ಮೇಲೆ ಉರುಳುವುದನ್ನು ಕಂಡು ಬೆರಗಾದ ತಲೆಮಾರಿನವನು ನಾನು. ಆ ಬೆರಗಿನಲ್ಲಿ ನಮಗೆ ತಿಳಿಯದೆ ಹೋದ ಸಂಗತಿಯೆಂದರೆ, ಪಾದರಸ ಕುದಿಯಬೇಕಾಗಿಲ್ಲ; ಕೋಣೆಯ ಉಷ್ಣತೆಯಲ್ಲೇ ಅದು ಸ್ವಲ್ಪಸ್ವಲ್ಪವಾಗಿ ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೊಕ್ಕ ಆವಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ದೇಹದಲ್ಲಿ ಹೀರಲ್ಪಡುತ್ತದೆ. ನರಮಂಡಲಕ್ಕೂ ಮೂತ್ರಪಿಂಡಕ್ಕೂ ಅದು ಹಾನಿಕರ. ನೀರಿಗೆ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಮೀನಿನ ಮೂಲಕ ಊಟದ ತಟ್ಟೆಗೆ ಬರುತ್ತದೆ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತಕ್ಕೆ ಕಾರಣ ಈ ಮೀಥೈಲ್ ಪಾದರಸವೇ.

ಕೊಡೈಕೆನಾಲಿನ ಮಾಜಿ ಕಾರ್ಮಿಕರು ತಮಗೂ ತಮ್ಮ ಕುಟುಂಬಗಳಿಗೂ ಹಾನಿಯಾಗಿದೆ ಎಂದು 2006ರಲ್ಲಿ ಮದ್ರಾಸ್ ಹೈಕೋರ್ಟಿನ ಮೊರೆ ಹೋದರು. ಕಂಪನಿ ಇದನ್ನು ಒಪ್ಪಲಿಲ್ಲ; ತಾನು ನಡೆಸಿದ ಅಧ್ಯಯನಗಳನ್ನು ಮುಂದಿಟ್ಟಿತು. ಕಾಯಿಲೆಗೂ ಪಾದರಸಕ್ಕೂ ನಂಟು ಕಲ್ಪಿಸಲು ಸಾಕಷ್ಟು ಆಧಾರವಿಲ್ಲ ಎಂದಿತು ಒಂದು ತಜ್ಞ ಸಮಿತಿ. ಮೇಲ್ನೋಟಕ್ಕೆ ಆಧಾರವಿದೆ ಎಂದಿತು ಕೇಂದ್ರ ಕಾರ್ಮಿಕ ಸಚಿವಾಲಯದ 2011ರ ವರದಿ. ಹೀಗೆ ವರದಿಗೆ ಎದುರು ವರದಿ ಬರುತ್ತಾ ವರ್ಷಗಳು ಉರುಳಿದವು. ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಒಂದು ಸುದ್ದಿ, ಅಷ್ಟೇ.

ಎರವಲು ಧಾಟಿಯ ಹಾಡು

ಇಂಥ ಹೊತ್ತಿನಲ್ಲಿ, 2015ರ ಜುಲೈ 30ರಂದು, ‘ಕೊಡೈಕೆನಾಲ್ ವೋಂಟ್’ ಎಂಬ ವಿಡಿಯೋ ಹಾಡು ಅಂತರಜಾಲದಲ್ಲಿ ಬಂತು. ಬರೆದು ಹಾಡಿದವರು ಚೆನ್ನೈನ ಸೋಫಿಯಾ ಅಶ್ರಫ್. ಜಾಹೀರಾತು ಕ್ಷೇತ್ರದಲ್ಲಿ ದುಡಿದು ಬಂದವರು. ಸಾಬೂನು, ಕ್ರೀಮುಗಳನ್ನು ಮಾರುವ ಭಾಷೆ ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು. ಇದನ್ನು ಹೊರತಂದು ಪ್ರಚಾರ ಮಾಡಿದ್ದರಲ್ಲಿ ಬೆಂಗಳೂರಿನಲ್ಲಿ ನೆಲೆಸಿರುವ ‘ಝಟ್ಕಾ’ ಎಂಬ ಸಂಘಟನೆಯ ಪಾತ್ರ ದೊಡ್ಡದು.

ಹಾಡಿನ ಧಾಟಿ ಹೊಸದಲ್ಲ. ಅಮೆರಿಕದಲ್ಲಿ ನೆಲೆಸಿದ ರ‍್ಯಾಪ್ ಗಾಯಕಿ ನಿಕಿ ಮಿನಾಜ್ ಅವರ 2014ರ ‘ಅನಕೊಂಡ’ ಹಾಡಿನದು. ಅದಾದರೂ ಸ್ವಂತದ್ದೇ? ಅಲ್ಲ, 1992ರ ಸರ್ ಮಿಕ್ಸ್-ಎ-ಲಾಟ್ ಎಂಬಾತನ ಹಾಡೊಂದರ ತುಣುಕನ್ನು ಅದರಲ್ಲಿ ಬಳಸಲಾಗಿತ್ತು. ಹಿಪ್‌ಹಾಪ್ ಹುಟ್ಟಿದ್ದೇ ಹೀಗೆ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಒಂದು ಕೂಟದಲ್ಲಿ ಡಿಜೆ ಕೂಲ್ ಹರ್ಕ್ ಹಳೆಯ ಹಾಡುಗಳ ತಾಳದ ತುಣುಕನ್ನು ಎರಡು ತಿರುಗುಮಣೆಗಳ ಮೇಲೆ ಮತ್ತೆ ಮತ್ತೆ ನುಡಿಸಿದ. ಅದರ ಮೇಲೆ ಮಾತು ಹೊಸೆಯುವುದೇ ರ‍್ಯಾಪ್ ಆಯಿತು.

ಇದೆಲ್ಲ ಹೊರನಾಡಿನ ಚಟ ಎಂದು ಮೂಗು ಮುರಿಯಬೇಡಿ. ನಮ್ಮ ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರು ಹಾಡುತ್ತಿದ್ದ ‘ಟಿಪ್ಪರರಿ’ ಹಾಡಿನ ಮಟ್ಟಿಗೆ ಅವರು ನಮ್ಮ ‘ತಿಪ್ಪಾರಳ್ಳಿ’ಯನ್ನು ಕೂರಿಸಿ ಊರೆಲ್ಲ ನಗಿಸಿದರು. ಧಾಟಿ ಮೊದಲೇ ಕಿವಿಯಲ್ಲಿದ್ದರೆ ಕೇಳುಗನ ಗಮನವೆಲ್ಲ ಹೊಸ ಮಾತಿನ ಕಡೆಗೆ ಹೋಗುತ್ತದೆ. ಅಣಕವಾಡಿನ ಗುಟ್ಟು ಇದೇ.

ರ‍್ಯಾಪಿಗೆ ಇನ್ನೊಂದು ಅನುಕೂಲವಿದೆ. ಭಾವಗೀತೆಯಲ್ಲಿ ಒಂದು ಸ್ವರವನ್ನು ಎಳೆದು ಹಾಡುವಷ್ಟರಲ್ಲಿ ರ‍್ಯಾಪಿನಲ್ಲಿ ಒಂದಿಡೀ ವಾಕ್ಯ ಮುಗಿದಿರುತ್ತದೆ. ಹೀಗಾಗಿ ಕಂಪನಿಯ ಹೆಸರು, ಊರಿನ ಹೆಸರು, ಆರೋಪ, ಬೇಡಿಕೆ ಎಲ್ಲವನ್ನೂ ಅದರಲ್ಲಿ ತುಂಬಬಹುದು. ಸಾಲಿನ ಕೊನೆಯ ಪ್ರಾಸ ಅದನ್ನು ನೆನಪಿನಲ್ಲಿ ಕಟ್ಟಿಹಾಕುತ್ತದೆ.

ಯಾರಿಗಾಗಿ ಇಂಗ್ಲಿಷು?

ಕೊಡೈಕೆನಾಲಿನ ಕಾರ್ಮಿಕರ ಮಾತು ತಮಿಳು. ಆದರೆ ಹಾಡು ಇಂಗ್ಲಿಷಿನಲ್ಲಿತ್ತು. ಇದು ಅಚಾತುರ್ಯವಲ್ಲ. ಕಾರ್ಮಿಕರಿಗೆ ತಮ್ಮ ಕಷ್ಟವನ್ನು ಹಾಡಿ ತಿಳಿಸಬೇಕಾಗಿರಲಿಲ್ಲ. ಕೇಳಿಸಬೇಕಾಗಿದ್ದುದು ಕಂಪನಿಯ ಯೂರೋಪಿನ ಕಚೇರಿಗಳಿಗೆ ಮತ್ತು ಅದರ ಸಾಬೂನು ಕೊಳ್ಳುವ ಗಿರಾಕಿಗಳಿಗೆ. ‘ನಮ್ಮ ಅಹವಾಲು ಯಾರ ಬಾಗಿಲಿಗೆ?’ ಎಂಬ ಪ್ರಶ್ನೆಗೆ ಈ ಹಾಡು ಉತ್ತರ ಕಂಡುಕೊಂಡಿತ್ತು.

ಪರಿಣಾಮ ಬೇಗನೆ ಕಂಡಿತು. ಕೆಲವೇ ದಿನಗಳಲ್ಲಿ ನೋಡಿದವರ ಸಂಖ್ಯೆ ಹತ್ತು ಲಕ್ಷ ದಾಟಿತು. ಧಾಟಿಯ ಒಡತಿ ನಿಕಿ ಮಿನಾಜ್ ಕೋಪಿಸಿಕೊಳ್ಳುವ ಬದಲು ಮೆಚ್ಚುಗೆಯ ಒಂದು ಉದ್ಗಾರದೊಡನೆ ತಮ್ಮ ಅಭಿಮಾನಿಗಳಿಗೆ ಹಾಡನ್ನು ಹಂಚಿದರು. ಯೂನಿಲಿವರಿನ ಅಂದಿನ ಮುಖ್ಯಸ್ಥ ಪಾಲ್ ಪೋಲ್ಮನ್ ಸ್ವತಃ ಟ್ವಿಟರಿನಲ್ಲಿ ಉತ್ತರಿಸಬೇಕಾಯಿತು. ಪರಿಹಾರಕ್ಕಾಗಿ ವರ್ಷಗಳಿಂದ ಪ್ರಯತ್ನ ನಡೆದಿದೆ, ಇದಕ್ಕೆ ಬೇಕಾದುದು ಭಾವೋದ್ರೇಕವಲ್ಲ, ವಾಸ್ತವಾಂಶ ಎಂಬುದು ಅವರ ಮಾತಿನ ಸಾರ.

2016ರ ಮಾರ್ಚ್‌ನಲ್ಲಿ ಹಿಂದೂಸ್ತಾನ್ ಯೂನಿಲಿವರ್ 591 ಮಾಜಿ ಕಾರ್ಮಿಕರು ಮತ್ತು ಅವರ ಕುಟುಂಬಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಮೊತ್ತವನ್ನು ಬಹಿರಂಗಪಡಿಸಲಿಲ್ಲ. ಇದು ಮಾನವೀಯ ನೆಲೆಯಲ್ಲಿ ಕೊಟ್ಟದ್ದು ಎಂದು ಕಂಪನಿ ಹೇಳಿತೇ ಹೊರತು, ಆರೋಗ್ಯ ಕೆಟ್ಟದ್ದು ತನ್ನಿಂದ ಎಂದು ಒಪ್ಪಲಿಲ್ಲ.

ಗೆದ್ದದ್ದು ಹಾಡೇ?

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಮರಳೋಣ. ಹಾಡು ಬಂತು, ಎಂಟು ತಿಂಗಳೊಳಗೆ ಒಪ್ಪಂದವಾಯಿತು. ಆದ್ದರಿಂದ ಹಾಡೇ ಕಾರಣ ಎನ್ನಬಹುದೇ? ವಿಜ್ಞಾನದ ತರಗತಿಯಲ್ಲಿ ನಿಮಗೆ ಹೇಳಿಕೊಟ್ಟಿದ್ದಾರೆ: ಒಂದಾದ ಮೇಲೆ ಇನ್ನೊಂದು ನಡೆದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣವಾಗಬೇಕಿಲ್ಲ. ಮೊಕದ್ದಮೆ ಒಂಬತ್ತು ವರ್ಷಗಳಿಂದ ನಡೆದಿತ್ತು. ಕಾರ್ಮಿಕರ ಸಂಘ ಒಡೆಯದೆ ಉಳಿದಿತ್ತು. ವೈದ್ಯರ ಚೀಟಿ, ಮಣ್ಣಿನ ಮಾದರಿ, ಸರ್ಕಾರಿ ವರದಿ ಎಲ್ಲ ಕಡತದಲ್ಲಿದ್ದವು. ಹಾಡು ಆ ಕಡತಕ್ಕೆ ಹೊಸ ಪುರಾವೆಯೊಂದನ್ನೂ ಸೇರಿಸಲಿಲ್ಲ. ಅದು ಮಾಡಿದ್ದು, ಆ ಕಡತವನ್ನು ತೆರೆದು ನೋಡದೆ ಬೇರೆ ದಾರಿಯಿಲ್ಲ ಎಂಬಷ್ಟು ಜನರನ್ನು ಕಿಟಕಿಯ ಬಳಿ ತಂದು ನಿಲ್ಲಿಸಿದ್ದು. ಕಡತ ಖಾಲಿಯಿದ್ದಿದ್ದರೆ? ಜನ ಎರಡು ದಿನ ನಕ್ಕು ಮನೆಗೆ ಹೋಗುತ್ತಿದ್ದರು.

ಇದಕ್ಕೆ ಪೂರಕವಾಗಿ ಮುಂದಿನ ಕಥೆಯನ್ನೂ ಹೇಳಬೇಕು. 2018ರಲ್ಲಿ ಎರಡನೆಯ ಹಾಡು ಬಂತು. ಸೋಫಿಯಾ ಅವರೊಂದಿಗೆ ಕರ್ನಾಟಕ ಸಂಗೀತದ ಹೆಸರಾಂತ ಗಾಯಕ ಟಿ.ಎಂ. ಕೃಷ್ಣ ಮತ್ತು ಅಮೃತ್ ರಾವ್ ದನಿಗೂಡಿಸಿದ್ದರು. ಈ ಬಾರಿಯ ವಿಷಯ ಮಣ್ಣು. ಒಂದು ಕಿಲೋಗ್ರಾಂ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿಯುವ ಮಟ್ಟಕ್ಕೆ ಶುದ್ಧಿ ಮಾಡಿದರೆ ಸಾಕೆಂಬುದು ಯೋಜನೆ. ಯೂರೋಪಿನಲ್ಲಾದರೆ ಇಷ್ಟು ಬಿಡುತ್ತಿದ್ದರೇ, ಕಾಡಿನ ಅಂಚಿನ ಈ ಜಾಗಕ್ಕೆ ಇನ್ನೂ ಬಿಗಿಯಾದ ಮಿತಿ ಬೇಡವೇ ಎಂಬುದು ಹೋರಾಟಗಾರರ ವಾದ. ಈ ಹಾಡು ಮೊದಲಿನದರಷ್ಟು ಸದ್ದು ಮಾಡಲಿಲ್ಲ. ನನ್ನ ಊಹೆ ಇಷ್ಟು: ‘ಶುದ್ಧ ಮಾಡಿ’ ಎಂಬುದನ್ನು ಹಾಡಬಹುದು. ‘ಎಷ್ಟರ ಮಟ್ಟಿಗೆ?’ ಎಂಬುದನ್ನು ಹಾಡುವುದು ಕಷ್ಟ. ಆ ಜಾಗದಲ್ಲಿ ಬೇಕಾಗುವವರು ರಸಾಯನಶಾಸ್ತ್ರ ಬಲ್ಲವರು.

ನಮ್ಮ ನೊರೆ, ನಮ್ಮ ನೀರು

ಅದೇ 2015ರಲ್ಲಿ ನಮ್ಮ ವೈಟ್‌ಫೀಲ್ಡಿನ ಪಕ್ಕದಲ್ಲಿ ಏನಾಗಿತ್ತು? ವರ್ತೂರು ಕೆರೆಯ ಕೋಡಿಯಿಂದ ಬಿಳಿ ನೊರೆ ಎದ್ದು ರಸ್ತೆಗೆ ಬಂದಿತ್ತು. ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿಯೂ ಹತ್ತಿತು. ‘ಬೆಂಗಳೂರಿನಲ್ಲಿ ಹಿಮಪಾತ’ ಎಂದು ಜನ ತಮಾಷೆ ಮಾಡಿದರು. ನಗು ಬಂತು, ಹೋಯಿತು. ಕೊಡೈಕೆನಾಲಿನ ಹಾಡಿಗೂ ಈ ತಮಾಷೆಗೂ ಇರುವ ವ್ಯತ್ಯಾಸ ನೋಡಿ. ಅಲ್ಲಿ ಯಾರು, ಎಲ್ಲಿ, ಏನು ಮಾಡಬೇಕು ಎಂಬುದು ಸ್ಪಷ್ಟವಾಗಿತ್ತು. ಇಲ್ಲಿ ಹೆಸರಿಲ್ಲ, ಬೇಡಿಕೆಯಿಲ್ಲ.

ಹೆಸರು ಹೇಳುವುದು ಸುಲಭವೂ ಅಲ್ಲ. ನೊರೆಗೆ ಬೇಕಾದ ಸಾಮಗ್ರಿಯ ಬಹುಪಾಲು ಬರುವುದು ಸರಿಯಾಗಿ ಶುದ್ಧವಾಗದ ಒಳಚರಂಡಿ ನೀರಿನಿಂದ. ಬಟ್ಟೆ ಸೋಪಿನ ಪುಡಿಯಲ್ಲಿರುವ ಅಂಶಗಳು ಆ ನೀರಿನೊಡನೆ ಕೆರೆ ಸೇರುತ್ತವೆ. ಕೋಡಿಯಲ್ಲಿ ನೀರು ಮೇಲಿಂದ ಬಿದ್ದು ಗಾಳಿಯೊಡನೆ ಕಡೆದಾಗ, ಮಜ್ಜಿಗೆ ಕಡೆದಂತೆ, ನೊರೆ ಏಳುತ್ತದೆ. ಅಂದರೆ ಆರೋಪಿಗಳ ಪಟ್ಟಿಯಲ್ಲಿ ನಮ್ಮ ನಿಮ್ಮ ಮನೆಯ ಬಚ್ಚಲೂ ಸೇರಿದೆ. ದೂರದ ಕಂಪನಿಯನ್ನು ಅಣಕಿಸಿದರೆ ಸಭೆ ಚಪ್ಪಾಳೆ ತಟ್ಟುತ್ತದೆ. ಸಭೆಯನ್ನೇ ಅಣಕಿಸಲು ಎದೆಗಾರಿಕೆ ಬೇಕು. ನಮ್ಮ ದಾಸರು, ಶರಣರು ಅದನ್ನು ಮಾಡಿ ತೋರಿಸಿದವರು.

ಪೀಣ್ಯದ ಕಥೆ ಮತ್ತೊಂದು ಬಗೆಯದು. ಅಲ್ಲಿ ಲೋಹದ ಬಿಡಿಭಾಗಗಳಿಗೆ ಕ್ರೋಮಿಯಂ ಲೇಪ ಕೊಡುವ ಸಣ್ಣ ಘಟಕಗಳಿವೆ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಆದರೆ ಯಾವ ಘಟಕದಿಂದ, ಯಾವ ವರ್ಷ ಸೋರಿದ್ದು ಎಂದು ಬೆರಳು ಮಾಡಿ ತೋರಿಸುವುದು ಸುಲಭವಲ್ಲ. ಎಲ್ಲರನ್ನೂ ಬೈದರೆ ಚೊಕ್ಕವಾಗಿ ಕೆಲಸ ಮಾಡುವವನಿಗೂ ಅನ್ಯಾಯ.

ಆದ್ದರಿಂದ ಹಾಡು ಕಟ್ಟುವ ಮಿತ್ರರೇ, ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಹಾಡು ಸಿದ್ಧವಾದ ಮೇಲೆ ಬೀಟನ್ನು ನಿಲ್ಲಿಸಿ, ಪ್ರಾಸವನ್ನು ಬಿಡಿಸಿ, ಅದನ್ನು ಒಂದು ಅರ್ಜಿಯಂತೆ ಸಾದಾ ಗದ್ಯದಲ್ಲಿ ಬರೆಯಿರಿ. ಯಾರಿಗೆ ಹೇಳುತ್ತಿದ್ದೇವೆ? ಏನಾಗಿದೆ? ನಮಗೆ ಹೇಗೆ ಗೊತ್ತು? ಅವರು ಏನು ಮಾಡಬೇಕು? ಈ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದ್ದರೆ ಧೈರ್ಯವಾಗಿ ಹಾಡಿ. ಇಲ್ಲದಿದ್ದರೆ ಮೊದಲು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ, ನೀರಿನ ಪರೀಕ್ಷೆಯ ವರದಿ ತರಿಸಿಕೊಳ್ಳಿ. ಒಬ್ಬರ ಹೆಸರು ಹೇಳುವ ಮುನ್ನ ಕಾಗದ ಕೈಯಲ್ಲಿರಲಿ.

ಪೀಣ್ಯದ ಆ ವಿದ್ಯಾರ್ಥಿಗೆ ಅಂದು ಇಷ್ಟೆಲ್ಲ ಹೇಳಲು ಸಮಯವಿರಲಿಲ್ಲ. “ನಿಮ್ಮ ಬೀದಿಯ ಕೊಳವೆಬಾವಿ ನೀರನ್ನು ಯಾರಾದರೂ ಪರೀಕ್ಷೆ ಮಾಡಿಸಿದ್ದಾರಾ?” ಎಂದಷ್ಟೇ ಕೇಳಿದೆ. “ಗೊತ್ತಿಲ್ಲ ಸರ್, ಕೇಳ್ತೀನಿ” ಎಂದು ಹೋದ. ಕೇಳಿದ್ದಾನೆಂದು ನಂಬಿದ್ದೇನೆ. ನೀವೂ ನಿಮ್ಮ ಬೀದಿಯಲ್ಲಿ ಕೇಳಿ ನೋಡಿ.