ದೇಹದ ತೂಕಕ್ಕೂ ದುಡಿಮೆಗೂ ತಕ್ಕ ಆಹಾರ

ಉಳುವ ಎತ್ತಿಗೂ ಕೊಟ್ಟಿಗೆಯಲ್ಲಿ ಕಟ್ಟಿರುವ ಎತ್ತಿಗೂ ಒಂದೇ ಪ್ರಮಾಣದ ಹಿಂಡಿಯನ್ನು ಯಾವ ರೈತನೂ ಇಡುವುದಿಲ್ಲ. ಆದರೆ ಮನೆಯವರ ಊಟದಲ್ಲಿ ಈ ಲೆಕ್ಕವನ್ನು ನೋಡುವವರು ವಿರಳ.

ಆನೇಕಲ್ ತಾಲ್ಲೂಕಿನ ಸರ್ಜಾಪುರದ ಸುತ್ತಣ ಗ್ರಾಮಗಳಲ್ಲಿ ಈ ವಿಚಾರವು ಈಗ ವಿಶೇಷ ಗಮನಕ್ಕೆ ಅರ್ಹವಾಗಿದೆ. ರಾಗಿ ಬೆಳೆಯುತ್ತಿದ್ದ ಅನೇಕ ಹೊಲಗಳು ನಿವೇಶನಗಳಾಗಿವೆ. ಒಂದೇ ಮನೆಯಲ್ಲಿ ಮಗನು ಕಚೇರಿಯಲ್ಲಿ ಕುಳಿತು ದುಡಿಯುವನು; ತಾಯಿಯು ಹೊಲದಲ್ಲಿ ಕಳೆ ಕಿತ್ತು ಬಂದು, ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವಳು. ಇವರಲ್ಲಿ ಯಾರಿಗೆಷ್ಟು ಆಹಾರ ಬೇಕೆಂಬುದನ್ನು ಎರಡು ಸುಲಭ ಲೆಕ್ಕಗಳಿಂದ ಅಂದಾಜು ಮಾಡಬಹುದು.

ಮೊದಲನೆಯದು, ಎತ್ತರಕ್ಕೆ ತಕ್ಕ ತೂಕ. ಪಾದರಕ್ಷೆಯನ್ನು ಕಳಚಿ, ಗೋಡೆಗೆ ಬೆನ್ನುಕೊಟ್ಟು ನೆಟ್ಟಗೆ ನಿಂತು ಎತ್ತರವನ್ನು ಮೀಟರುಗಳಲ್ಲಿ ಅಳೆಯತಕ್ಕದ್ದು. ಎತ್ತರವನ್ನು ಎತ್ತರದಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ಕಿಲೋಗ್ರಾಮುಗಳ ತೂಕವನ್ನು ಭಾಗಿಸಿದರೆ ದೇಹದ್ರವ್ಯರಾಶಿಯ ಸೂಚ್ಯಂಕವು ದೊರೆಯುವುದು. ಇದು 18.5ಕ್ಕಿಂತ ಕಡಿಮೆಯಿದ್ದರೆ ದೇಹವು ಕೃಶವೆಂದೂ, ನಮ್ಮ ದೇಶದವರಲ್ಲಿ 23ನ್ನು ಮೀರಿದರೆ ತೂಕವು ಹೆಚ್ಚೆಂದೂ ತಿಳಿಯತಕ್ಕದ್ದು.

ಉದಾಹರಣೆಗೆ, ತಾಯಿಯ ಎತ್ತರ 1.60 ಮೀಟರ್, ತೂಕ 45 ಕಿಲೋ ಎಂದಿಟ್ಟುಕೊಂಡರೆ ಸೂಚ್ಯಂಕವು 17.6. ಮಗನ ಎತ್ತರ 1.65 ಮೀಟರ್, ತೂಕ 70 ಕಿಲೋ ಆದರೆ 25.7. ತಾಯಿಗೆ ಕೊರತೆ, ಮಗನಿಗೆ ಮಿತಿಮೀರಿಕೆ. ಎತ್ತರದ ವರ್ಗವನ್ನು 21ರಿಂದ ಗುಣಿಸಿದರೆ ತಕ್ಕ ತೂಕವು ತಿಳಿಯುವುದು: ತಾಯಿಗೆ ಸುಮಾರು 54, ಮಗನಿಗೆ 57 ಕಿಲೋ.

ಈ ಲೆಕ್ಕವು ಮಕ್ಕಳಿಗೂ ಗರ್ಭಿಣಿಯರಿಗೂ ಅನ್ವಯಿಸುವುದಿಲ್ಲ. ಮಾಂಸಖಂಡಗಳು ಬಲಿತವರಲ್ಲಿ ಕೊಬ್ಬಿಲ್ಲದೆಯೂ ಸೂಚ್ಯಂಕವು ಏರಬಹುದು. ಆದಕಾರಣ ಸೊಂಟದ ಸುತ್ತಳತೆಯನ್ನೂ ನೋಡತಕ್ಕದ್ದು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರನ್ನು ಅದು ಮೀರಬಾರದು.

ಎರಡನೆಯದು, ದಿನದ ಕ್ಯಾಲೋರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪ್ರಮಾಣಗಳಂತೆ ತಕ್ಕ ತೂಕದ ಪ್ರತಿ ಕಿಲೋಗೆ, ಕುಳಿತು ಕೆಲಸಮಾಡುವ ಗಂಡಸಿಗೆ ಸುಮಾರು 32, ಮಧ್ಯಮ ದುಡಿಮೆಯವನಿಗೆ 42, ಕಠಿಣ ದುಡಿಮೆಯವನಿಗೆ 53 ಕ್ಯಾಲೋರಿ ಬೇಕು. ಹೆಂಗಸಿಗೆ ಅನುಕ್ರಮವಾಗಿ 30, 39 ಮತ್ತು 49. ಸಾಮಾನ್ಯ ಬೇಸಾಯವು ಮಧ್ಯಮ ದುಡಿಮೆ. ಕಲ್ಲು ಒಡೆಯುವುದು, ಮರ ಕಡಿಯುವುದು ಕಠಿಣ ದುಡಿಮೆ.

ಇದರಂತೆ ಮಗನಿಗೆ 1824 ಕ್ಯಾಲೋರಿ ಸಾಕು. ತಾಯಿಗೆ 2106 ಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೋರಿಗಳಿರುವುದರಿಂದ, ಈ ವ್ಯತ್ಯಾಸವು ಸುಮಾರು 90 ಗ್ರಾಂ ಹಿಟ್ಟಿಗೆ ಸಮ. ಕಡೆಯಲ್ಲಿ ಉಣ್ಣುವವಳಿಗೇ ಹೆಚ್ಚು ಆಹಾರ ಸಲ್ಲಬೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ತೂಕ ಹೆಚ್ಚಿದವರು ರಾಗಿಯನ್ನು ಬಿಟ್ಟು ಅನ್ನವನ್ನು ಹಿಡಿಯುವುದರಿಂದ ಲಾಭವಿಲ್ಲ. ತೂಕಕ್ಕೆ ತೂಕ ನೋಡಿದರೆ ಅಕ್ಕಿಯಲ್ಲಿ ಕ್ಯಾಲೋರಿಯು ಕಡಿಮೆಯಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿದ ಸುಣ್ಣದ ಅಂಶವು ಅಕ್ಕಿಯಲ್ಲಿ ಅತ್ಯಲ್ಪ. ಮುದ್ದೆಯನ್ನು ಕಿರಿದುಮಾಡಿ, ಸೊಪ್ಪು, ಅವರೆ, ಹುರುಳಿಗಳನ್ನು ಹೆಚ್ಚಿಸುವುದೂ, ಸಕ್ಕರೆ ಮತ್ತು ಕರಿದ ತಿಂಡಿಗಳನ್ನು ತಗ್ಗಿಸುವುದೂ ಯುಕ್ತ. ಕೃಶರಾದವರಿಗೆ ಇವುಗಳೊಡನೆ ಕಡಲೆಕಾಯಿ, ಹಾಲು, ಮೊಟ್ಟೆಗಳು ಉತ್ತಮ.

ತಿಂಗಳಿಗೊಮ್ಮೆ ತೂಕವನ್ನು ನೋಡಿ ಬರೆದಿಟ್ಟುಕೊಳ್ಳತಕ್ಕದ್ದು. ಕಾರಣವಿಲ್ಲದೆ ತೂಕವು ಇಳಿಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ದನಕ್ಕೆ ಮೇವನ್ನು ಅಳೆದು ಹಾಕುವ ವಿವೇಕವನ್ನು ರೈತರು ತಮ್ಮ ಮನೆಯ ಅಡಿಗೆಯಲ್ಲಿಯೂ ತೋರಿದರೆ ಕುಟುಂಬದ ಆರೋಗ್ಯವೂ ದುಡಿಮೆಯ ಶಕ್ತಿಯೂ ವೃದ್ಧಿಯಾಗುವುವು.