ಟ್ರೇಲರಿನ ಹಿಂದಿನ ದೀಪ

ಮಳೆ ಮುಗಿದೊಡನೆ ಗುಂಜಿಯ ಕಡೆಯ ಟ್ರೇಲರುಗಳು ಫಸಲು ಹೇರಿಕೊಂಡು ಬೆಳಗಾವಿ–ಪಣಜಿ ಹೆದ್ದಾರಿಗೆ ಇಳಿಯುತ್ತವೆ. ಹೋದ ಸುಗ್ಗಿಯಲ್ಲಿ, ಬ್ರೇಕ್ ತುಳಿದರೆ ನಮ್ಮ ಟ್ರೇಲರಿನ ಕೆಂಪು ದೀಪ ಮಂಕಾಗುತ್ತಿತ್ತು. ಬಲ್ಬನ್ನೇ ದೂರಿ ಎರಡು ಸಲ ಬದಲಿಸಿದೆವು. ಒಂದು ರಾತ್ರಿ ಹಿಂದಿನ ಲಾರಿ ಮೊಳದಂತರದಲ್ಲಿ ನಿಂತಾಗಲೇ ನಮಗೆ ಬುದ್ಧಿ ಬಂದದ್ದು.

ದೋಷವಿದ್ದುದು ಅರ್ತಿಂಗ್‌ನಲ್ಲಿ. ಕರೆಂಟು ಹಿಂತಿರುಗಲು ತುಕ್ಕು ಹಿಡಿದ ಕೊಂಡಿಯನ್ನೇ ನಂಬಿದ್ದೆವು. 12 ವೋಲ್ಟಿನಲ್ಲಿ 21 ವಾಟಿನ ಎರಡು ಬ್ರೇಕ್ ದೀಪಗಳಿಗೆ 3.5 ಆಂಪಿಯರ್ ಹರಿಯಬೇಕು. ತುಕ್ಕು ಅದನ್ನು ತಡೆಯುತ್ತದೆ.

ಟ್ರ್ಯಾಕ್ಟರಿನ ಬ್ಯಾಟರಿಯಿಂದ ಪ್ಲಗ್ಗಿನ ಮೂಲಕ ಪ್ರತಿ ದೀಪಕ್ಕೂ ಬೇರೆ ಅರ್ತಿಂಗ್ ತಂತಿ ಎಳೆದೆವು. ಕೂಡುಗಳಿಗೆ ಬೆಸುಗೆ ಹಾಕಿ, ಬ್ಯಾಟರಿಯ ಬಳಿ ಫ್ಯೂಸ್ ಕೂಡಿಸಿದೆವು. ಪರದೇಶದ ಟ್ರೇಲರುಗಳ ವಿದ್ಯುತ್ ಬ್ರೇಕುಗಳೂ ಅರ್ತಿಂಗ್ ಕೆಟ್ಟರೆ ಸೋಲುತ್ತವೆ.

ಸದಸ್ಯ ಬಾಂಧವರೇ, ಹೊರಡುವ ಮುನ್ನ ಒಬ್ಬರು ಪೆಡಲ್ ತುಳಿಯಲಿ, ಇನ್ನೊಬ್ಬರು ಹಿಂದೆ ನಿಂತು ನೋಡಲಿ.